ಮಲ್ಟಿಮೀಡಿಯಾದಲ್ಲಿ ಬಂದ ಮಾವನವರು

ಕಟ್ಟಿದ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ ಎಂಬ ಒಂದೇ ಒಂದು ಸಾಲಿನ ದೆಸೆಯಿಂದ ಶೆಟ್ಟಿಹಳ್ಳಿಯ ಶಿವಮೂರ್ತಿಗೆ ಅಡುಗೆಮನೆಯ ಅಧಿಕಾರ ಪ್ರಾಪ್ತವಾಯಿತು. ಆ ಸಾಲು ರಸೀದಿಯ ಹಿಂಬದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ಸರ್ಕಾರಿ ಕಚೇರಿಯಲ್ಲಿ ಅರ್ಧ ಆಯುಸ್ಸನ್ನು ಕಾಗದಗಳ ನಡುವೆ ಕಳೆದ ಶಿವಮೂರ್ತಿ ರಸೀದಿಯ ಮುಂಬದಿಯನ್ನು ಮೂರು ಸಲ ಓದಿದ್ದ. (ಹಿಂಬದಿ ಓದುವ ಪದ್ಧತಿ ಅವನ ಇಲಾಖೆಯಲ್ಲಿ ಇರಲಿಲ್ಲ.)

ಎರಡು ಸಾವಿರದ ಮೂರನೇ ಇಸವಿ. ತುಮಕೂರಿನ ಗಲ್ಲಿಗೊಂದು ಕಂಪ್ಯೂಟರ್ ಬೋರ್ಡು ನೇತಾಡುತ್ತಿದ್ದ ಕಾಲ. ಸದಾಶಿವನಗರದ ಒಂದು ಖಾಸಗಿ ಕಾಲೇಜು ಸಂಜೆ ಹೊತ್ತಿನಲ್ಲಿ ಮಲ್ಟಿಮೀಡಿಯಾ ಡಿಸೈನ್ ಎಂಬ ಹೊಸ ಕೋರ್ಸನ್ನು ತೆಗೆದಿತ್ತು. ಪಿಯುಸಿ ಮುಗಿಸಿದ ಮಗಳು ಯಶಸ್ವಿನಿ ಅದಕ್ಕೇ ಸೇರುತ್ತೇನೆಂದು ಹಟ ಹಿಡಿದಳು, ಶಿವಮೂರ್ತಿ ಫೀಸು ಕಟ್ಟಿದ. ಕಟ್ಟಿದ ಮರುವಾರವೇ ಅವಳಿಗೆ ಹಾಸನದ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿ, ಅವಳು ಟ್ರಂಕು ತಗೊಂಡು ಹಾಸ್ಟೆಲ್ಲಿಗೆ ಹೊರಟುಹೋದಳು. ಶಿವಮೂರ್ತಿ ಫೀಸು ವಾಪಸ್ ಕೇಳಲು ಹೋದಾಗ ಕಾಲೇಜಿನವರು ರಸೀದಿಯನ್ನು ಮಗುಚಿ ತೋರಿಸಿದರು. ಬೇಕಾದರೆ ಮನೆಯಲ್ಲಿ ಪಿಯುಸಿ ಪಾಸಾದವರು ಇನ್ಯಾರಾದರೂ ಬಂದು ಕೂರಬಹುದು ಎಂಬ ರಿಯಾಯಿತಿಯನ್ನೂ ಕೊಟ್ಟರು.

ಮನೆಯಲ್ಲಿ ಪಿಯುಸಿ ಪಾಸಾದವರು ಇಬ್ಬರು, ಅವನು ಮತ್ತು ಹೆಂಡತಿ ತ್ರಿವೇಣಿ. ಅವನಿಗೆ ಸಂಜೆ ಹೊತ್ತು ಬಿಡುವಿರಲಿಲ್ಲ. ಪಕ್ಕದ ಮನೆಯ ಸದಾಶಿವಯ್ಯನವರ ಜಗಲಿಯ ಮೇಲೆ ಇಸ್ಪೀಟಿನ ಗುರುತರ ಜವಾಬ್ದಾರಿಗಳಿದ್ದವು. ಆದ್ದರಿಂದ ಅವನು ಕರ್ಣನಂತೆ ಔದಾರ್ಯ ತೋರಿ, ನೀನೇ ಹೋಗಿ ಬಾ ತ್ರಿವೇಣಿ ಎಂದ. ಈ ವಯಸ್ಸಲ್ಲಿ ನಂಗ್ಯಾಕ್ರೀ ಎಂದು ಅವಳು ಹೇಳುತ್ತಾಳೆ, ಹೇಳಿದವರಿಗೆ ಹೇಳಿದ ಪುಣ್ಯ, ಹಾವೂ ಸಾಯದು ಕೋಲೂ ಮುರಿಯದು ಎಂದು ಅವನ ಲೆಕ್ಕ. ಮದುವೆಯಾದಾಗಿನಿಂದ ಹೊಸ ಸೀರೆಯಿಂದ ಹಿಡಿದು ಸ್ಕೂಟರಿನ ತನಕ ಎಲ್ಲಕ್ಕೂ ಅವಳು ಹೇಳುತ್ತಾ ಬಂದ ಮಾತು ಅದೊಂದೇ.

ತ್ರಿವೇಣಿ ಸೊಪ್ಪು ಬಿಡಿಸುತ್ತಿದ್ದ ಕೈಯನ್ನು ನಿಲ್ಲಿಸಿ, "ಎಷ್ಟ್ ಗಂಟೆಗ್ರೀ ಕ್ಲಾಸು?" ಎಂದಳು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವನ ಗತಿ ಅವನದಾಯಿತು. ಕ್ಲಾಸು ಸಂಜೆ ಐದೂವರೆಗೆ. ಅವನ ತಾಯಿ ಹನುಮಂತಮ್ಮ ಏಳು ಗಂಟೆಗೆ ಬಿಸಿ ಮುದ್ದೆ ಉಣ್ಣದಿದ್ದರೆ ನಿದ್ದೆ ಮಾಡುವವರಲ್ಲ. ಅವರ ಮಣಿಕಟ್ಟಿನಲ್ಲಿ ಶಕ್ತಿಯಿಲ್ಲ. ಸಾರು ಮಾಡಿಟ್ಟು ಹೋಗುತ್ತೇನೆ, ನೀವು ಮುದ್ದೆ ಒಂದು ತಿರುವಿಬಿಡಿ ಎಂದು ತ್ರಿವೇಣಿ ಬಹಳ ಸುಲಭವಾಗಿ ಹೇಳಿ ಹೋದಳು.

ಮುದ್ದೆ ಒಂದು ತಿರುವುವುದು ಎಂದರೇನೆಂದು ಬಲ್ಲವರೇ ಬಲ್ಲರು. ಶಿವಮೂರ್ತಿ ತಲೆಗೆ ಟವಲು ಸುತ್ತಿ, ಪಾತ್ರೆಯನ್ನು ಇಕ್ಕಳದಲ್ಲಿ ಅದುಮಿ ಹಿಡಿದು, ಕೋಲನ್ನು ಗದೆಯಂತೆ ತಿರುಗಿಸಿದ. ಮುದ್ದೆ ಅವನ ಮಾತು ಕೇಳಲಿಲ್ಲ. ಹೊರಗೆ ನುಣ್ಣಗೆ ಕಂಡದ್ದು ಒಳಗೆ ಮುರಿದರೆ ಬರೀ ಗಂಟು. ಹನುಮಂತಮ್ಮ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತು, ಎಸರು ಮರಳಲಿ, ಹಿಟ್ಟು ಬೇಯಲಿ, ಯಾಕೆ ಅವಸರ ಎಂದು ಮೇಲುಸ್ತುವಾರಿ ನಡೆಸುತ್ತಿದ್ದರು. ಅವನು ಮಾಡಿದ ಗಂಟು ಮುದ್ದೆಯನ್ನು ಮಾತಿಲ್ಲದೆ ನುಂಗುತ್ತಲೂ ಇದ್ದರು.

ಇತ್ತ ತ್ರಿವೇಣಿಗೆ ವಿದ್ಯೆ ಹತ್ತತೊಡಗಿತು. ಅಕ್ಷರ, ಚಿತ್ರ, ಶಬ್ದ, ಅನಿಮೇಷನ್, ವಿಡಿಯೋ ಎಂಬ ಪಂಚಭೂತಗಳಿಂದ ಮಲ್ಟಿಮೀಡಿಯಾ ಆಗಿದೆ ಎಂದು ಮೊದಲ ವಾರ ತಿಳಿಸಿದಳು. ಪಾಠ ಹೇಳುವ ನಂದಿತಾ ಮೇಡಂ ಅವಳಿಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ಮನೆಯಲ್ಲಿ ಅವರ ಮಾತೇ ವೇದವಾಯಿತು. ಶಿವಮೂರ್ತಿಯ ಕಂದು ಪ್ಯಾಂಟು ಮತ್ತು ನೀಲಿ ಚೌಕುಳಿ ಶರಟು ಒಂದನ್ನೊಂದು ಕೊಲ್ಲುತ್ತಿವೆ ಎಂದಳು. ಗೋಡೆಯ ಮೇಲೆ ಕ್ಯಾಲೆಂಡರುಗಳು ಹೆಚ್ಚಾಗಿ ಕಣ್ಣಿಗೆ ಉಸಿರುಕಟ್ಟುತ್ತಿದೆ ಎಂದು ಒಂದನ್ನುಳಿದು ಎಲ್ಲವನ್ನೂ ಕಿತ್ತಳು. ಅವನಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷವಾಗಿತ್ತು. ಮೊದಲೆಲ್ಲ ಅನ್ನ ಕಡಿಮೆ ಬಡಿಸುವಾಗ ಡಾಕ್ಟರ ಹೆಸರು ಹೇಳುತ್ತಿದ್ದವಳು ಈಗ ತಟ್ಟೆಯ ಮಧ್ಯೆ ಒಂದಿಷ್ಟು ಬಡಿಸಿ, ಸುತ್ತ ಇರುವ ಖಾಲಿ ಜಾಗವೂ ಡಿಸೈನಿನ ಭಾಗವೇ ಎನ್ನತೊಡಗಿದಳು. ಆ ಖಾಲಿ ಜಾಗವನ್ನು ದಿಟ್ಟಿಸುತ್ತಾ ಶಿವಮೂರ್ತಿ ಎಷ್ಟೋ ಸಂಜೆ ಹಸಿದುಕೊಂಡೇ ಎದ್ದ.

ಆದರೆ ಆ ಸಂಜೆಗಳಲ್ಲಿ ಇನ್ನೊಂದು ಸಂಗತಿಯೂ ಆಯಿತು. ತಾಯಿ ಮತ್ತು ಮಗ ಹೀಗೆ ಇಬ್ಬರೇ ಕೂತು ಮಾತಾಡಿ ಎಷ್ಟು ಕಾಲವಾಗಿತ್ತೋ. ಅವನು ಗಂಟು ಒಡೆಯುತ್ತಿದ್ದರೆ ಹನುಮಂತಮ್ಮ ಗುಬ್ಬಿ ಕಡೆಯ ತಮ್ಮ ಹಳ್ಳಿಯ ಮಾತನ್ನು, ತೆಂಗಿನ ತೋಟದ ಮಾತನ್ನು ತೆಗೆಯುತ್ತಿದ್ದರು. ಒಂದು ಸಂಜೆ ಅಪ್ಪನ ಮಾತು ಬಂತು. ಅಪ್ಪ ಅಡವಿಯಪ್ಪ ತೀರಿಕೊಂಡಾಗ ಶಿವಮೂರ್ತಿ ತೊಟ್ಟಿಲಲ್ಲಿದ್ದ. (ಹನುಮಂತಮ್ಮ ಗಂಡನ ಹೆಸರು ಹೇಳುವವರಲ್ಲ. ಅವರ ಬಾಯಲ್ಲಿ ಅಡವಿಯಪ್ಪ ಎಂದಿಗೂ 'ಅವ್ರು'.)

"ಅವತ್ತು ಮುದ್ದೇಲಿ ಗಂಟಾಗಿತ್ತು ಕಣ್ಲಾ," ಎಂದರು ಹನುಮಂತಮ್ಮ. "ನೀನು ಅಳ್ತಿದ್ದೆ, ಹಿಟ್ ಹಾಕಿ ನಿನ್ನ ಎತ್ಕೊಳಕ್ಕೆ ಓಡ್ದೆ. ಒಂದ್ ತುತ್ತು ಮುರುದ್ರು, ಮುಖ ಗಂಟಾಕ್ಕೊಂಡು ಎದ್ರು. ಉಂಡ್ಕೊಂಡ್ ಹೋಗಿ ಅಂದೆ. ಸಂತೆಗೆ ಹೊತ್ತಾಯ್ತದೆ, ಬಂದು ಉಣ್ತೀನಿ ಅಂದ್ರು."

ಬರಲಿಲ್ಲ. ತೆಂಗಿನಕಾಯಿ ತುಂಬಿದ ಗಾಡಿ ಗುಬ್ಬಿಗೆ ಹೋಗುವ ಕೆರೆ ಏರಿಯ ಮೇಲೆ ಮಗುಚಿತು. ಆಮೇಲೆ ಹಿರಿಯರ ಹಬ್ಬ ಬಂದಾಗಲೆಲ್ಲ ಹನುಮಂತಮ್ಮ ಕಳಸದ ಮುಂದೆ ಎಡೆ ಇಡುತ್ತಾ ಬಂದಿದ್ದರು. ಪಟವಿಲ್ಲ. ಮದುವೆಯಾದ ಹೊಸದರಲ್ಲಿ ಗುಬ್ಬಿಯ ಸ್ಟುಡಿಯೋಕ್ಕೆ ಜೋಡಿಯಾಗಿ ಹೋಗಿದ್ದರಂತೆ. ಕರಿ ಬಟ್ಟೆಯೊಳಗೆ ತಲೆ ತೂರಿಸಿದ ಫೋಟೋದವನನ್ನು ಕಂಡದ್ದೇ ಅಡವಿಯಪ್ಪ, ಪಟ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಎದ್ದು ಓಡಿದನಂತೆ. ಎಲ್ಲರೂ ಅವರವರ ಹಿರಿಯರ ಮುಖ ನೋಡಿಕೊಂಡು ಬಡಿಸುತ್ತಾರೆ, ನಾನು ಯಾರ ಮುಖ ನೋಡಿ ಬಡಿಸಲಿ, ಒಂದು ಸಲವಾದರೂ ಎದುರಿಗೆ ಕೂರಿಸಿಕೊಂಡು ಉಣ್ಣಿಸಬೇಕು ಅನ್ನಿಸುತ್ತದೆ ಎಂದು ಹನುಮಂತಮ್ಮ ಹೇಳಿದರು. ಶಿವಮೂರ್ತಿ ಕೋಲು ತಿರುವುತ್ತಲೇ ಇದ್ದ. ಅಂದು ಮುದ್ದೆ ತಳ ಹತ್ತಿತು.

ಅದನ್ನು ಅವನು ಹೆಂಡತಿಗೆ ಹೇಳಿದ. ಆ ಹೊತ್ತಿಗೆ ಸರಿಯಾಗಿ ನಂದಿತಾ ಮೇಡಂ ಕೊನೆಯ ಪ್ರಾಜೆಕ್ಟು ಕೊಟ್ಟಿದ್ದರು. ಪ್ರತಿಯೊಬ್ಬರೂ ತಮ್ಮ ಕುಟುಂಬದ ಬಗ್ಗೆ ಒಂದು ಸಿಡಿ ಮಾಡಬೇಕು, ಪರದೆಯ ಮೇಲೆ ಯಾರ ಮುಖವನ್ನು ಒತ್ತಿದರೆ ಅವರ ಕಥೆ ತೆರೆಯಬೇಕು. ತ್ರಿವೇಣಿ ಎಲ್ಲರಿಗೂ ಒಂದೊಂದು ಚೌಕ ಬರೆದಿದ್ದಳು. ಮಾವನವರ ಚೌಕ ಖಾಲಿ. ಈ ಒಂದು ಖಾಲಿ ಜಾಗ ಮಾತ್ರ ಡಿಸೈನು ಎಂದು ಅವಳಿಗೆ ಅನ್ನಿಸಲಿಲ್ಲ. ಮಾವನವರನ್ನು ನಾನು ಮಾಡುತ್ತೇನೆ ಎಂದಳು. ಅವರ ರಕ್ತ ಹಂಚಿಕೊಂಡವರು ಇದ್ದಾರಲ್ಲ, ಅವರಿಂದ ಮೂಗು, ಇವರಿಂದ ಕಿವಿ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸುವುದು. ತಪ್ಪಾದರೆ ಹಿಂದಕ್ಕೆ ಹೋಗುವ ಗುಂಡಿಯೂ ಇದೆ ಎಂದಳು. ಅಂಥ ಗುಂಡಿ ಫೀಸು ಕಟ್ಟುವ ಕಡೆಯೂ ಇದ್ದಿದ್ದರೆ ಎಂದುಕೊಂಡ ಶಿವಮೂರ್ತಿ.

ಕಾಲೇಜಿನ ಡಿಜಿಟಲ್ ಕ್ಯಾಮೆರಾವನ್ನು ಸಹಿ ಹಾಕಿ ಎರವಲು ತಂದು, ಹಸುಗೂಸಿನಂತೆ ಎದೆಗಪ್ಪಿಕೊಂಡು ಗಂಡ ಹೆಂಡತಿ ಭಾನುವಾರ ಗುಬ್ಬಿ ಬಸ್ಸು ಹತ್ತಿದರು. ಅಡವಿಯಪ್ಪನ ತಮ್ಮ, ಶಿವಮೂರ್ತಿಯ ಚಿಕ್ಕಪ್ಪ ರಾಮಾಂಜಿನಯ್ಯ, ವಿಷಯ ತಿಳಿದದ್ದೇ ಶರಟು ಬದಲಿಸಿಕೊಂಡು ಬಂದು ಕುರ್ಚಿಯ ಮೇಲೆ ಕೂತ. ಅಣ್ಣನ ಮೂಗು, ಮೀಸೆ, ಹಣೆ ಎಲ್ಲವೂ ತನ್ನದೇ ಎಂದ. ಅದು ಕುಣಿಗಲ್ಲಿನಲ್ಲಿದ್ದ ಸೋದರತ್ತೆಯ ಕಿವಿಗೆ ಬಿತ್ತು. ಆಕೆ ಇವರು ಹೋದಾಗ ಕೋಪದಲ್ಲೇ ಬಾಗಿಲು ತೆಗೆದಳು. ರಾಮನ ಮೂಗು ಚಿಕ್ಕಂದಿನಲ್ಲಿ ಹುಣಸೆಮರದಿಂದ ಬಿದ್ದು ಮುರಿದದ್ದು, ಅದನ್ನು ನಮ್ಮಣ್ಣನಿಗೆ ಅಂಟಿಸಬೇಡಿ, ಮೂಗು ನನ್ನದು, ಬೇಕಾದರೆ ಮೀಸೆಯೊಂದು ಅವನದು ಇರಲಿ ಎಂದು ತೀರ್ಪು ಕೊಟ್ಟು, ಮೂಗುತಿ ಬಿಚ್ಚಿಟ್ಟು ಫೋಟೋಕ್ಕೆ ಕೂತಳು. ತಂದೆಯ ಆಸ್ತಿ ಪಾಲಾದಾಗಲೂ ಅಷ್ಟು ಜಗಳವಾಗಿರಲಿಲ್ಲ.

ಕ್ಯಾಮೆರಾ ಹಿಂದಿರುಗಿಸುವ ಮುನ್ನ ತ್ರಿವೇಣಿ ಅದನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಶಿವಮೂರ್ತಿ ಎರಡು ದಿನದ ಗಡ್ಡದಲ್ಲಿ, ತಲೆಗೆ ಟವಲು ಸುತ್ತಿಕೊಂಡು, ಮತ್ತೆ ಗಂಟಾದ ಮುದ್ದೆಯನ್ನು ದುರುಗುಟ್ಟಿ ನೋಡುತ್ತಿದ್ದ. ರೀ ಎಂದಳು. ಅವನು ಅದೇ ಮುಖದಲ್ಲಿ ತಲೆಯೆತ್ತಿದ. ಅವಳು ಗುಂಡಿ ಒತ್ತಿದಳು.

ಮಾವನವರು ಸುಲಭವಾಗಿ ಕೈಗೆ ಸಿಗಲಿಲ್ಲ. ತ್ರಿವೇಣಿ ಲ್ಯಾಬಿನಲ್ಲಿ ಕೂತು ಮುಖದ ಮೇಲೆ ಮುಖ ಹೇರಿ, ಕಾಗದದಲ್ಲಿ ಅಚ್ಚು ಮಾಡಿಸಿ ತಂದು ತೋರಿಸುತ್ತಿದ್ದಳು. ಮೊದಲನೆಯದನ್ನು ಹನುಮಂತಮ್ಮ ಕೈಗೂ ತಗೊಳ್ಳದೆ, ದನದ ಸಂತೆಯ ದಲ್ಲಾಳಿ ಇದ್ದ ಹಾಗಿದ್ದಾನೆ ಎಂದರು. ಇನ್ನೊಂದರಲ್ಲಿ ಕಣ್ಣು ಒಂದೊಂದು ಒಬ್ಬೊಬ್ಬರದಾಗಿ, ಒಂದು ಗುಬ್ಬಿಯ ಕಡೆಗೂ ಒಂದು ಕುಣಿಗಲ್ಲಿನ ಕಡೆಗೂ ನೋಡುತ್ತಿತ್ತು. ಮತ್ತೊಂದನ್ನು ಅವರು ಬಹಳ ಹೊತ್ತು ಹಿಡಿದುಕೊಂಡಿದ್ದರು.

"ಚೆನ್ನಾಗವ್ರೆ ಕಣವ್ವ," ಎಂದರು ಹನುಮಂತಮ್ಮ. "ಆದ್ರೆ ಇಷ್ಟ್ ಚೆನ್ನಾಗಿರೋರು ನನ್ನ ಯಾಕ್ ಮದ್ವೆ ಆಗ್ತಿದ್ರು?"

ಹಿರಿಯರ ಹಬ್ಬ ಹತ್ತಿರ ಬಂತು. ಪ್ರಾಜೆಕ್ಟು ಒಪ್ಪಿಸುವ ದಿನ ಅದಕ್ಕಿಂತ ಹತ್ತಿರ ಬಂತು. ತ್ರಿವೇಣಿಯ ಮುಖ ಸಣ್ಣದಾಯಿತು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಬಿಡು, ಎಲ್ಲರ ಮನೆಯಲ್ಲೂ ಪಟ ಇರಲೇಬೇಕೆಂದಿಲ್ಲ ಎಂದು ಶಿವಮೂರ್ತಿ ಸಮಾಧಾನ ಹೇಳಿದರೆ, ಅತ್ತೆ ಕೇಳಿದ್ದು ಇದೊಂದೇ, ಇಷ್ಟು ವರ್ಷದಲ್ಲಿ ಬೇರೆ ಏನನ್ನಾದರೂ ಕೇಳಿದ್ದಾರಾ ಎಂದಳು. ಅವನಿಗೆ ಹೆಂಡತಿಯ ಮೇಲೆ ತುಂಬ ಪ್ರೀತಿ ಬಂತು. ಆದರೆ ಅದನ್ನು ಹೇಳುವ ಅಭ್ಯಾಸವಿಲ್ಲದ್ದರಿಂದ ಉಪ್ಪಿನ ಸಾರನ್ನೇ ಇನ್ನೊಂದು ಸೌಟು ಹಾಕಿಸಿಕೊಂಡ.

ಕೊನೆಗೊಂದು ಸಂಜೆ ಅವಳು ಅದುವರೆಗಿನ ಪ್ರಿಂಟುಗಳನ್ನೆಲ್ಲ ಕವರಿನಿಂದ ಸುರಿದು ಅತ್ತೆಯ ಮುಂದೆ ಹರಡಿದಳು. ಇದರಲ್ಲಿ ಯಾವುದು ಹತ್ತಿರ ಅಂತಾದರೂ ಹೇಳಿ ಅತ್ತೆ, ಅದನ್ನೇ ತಿದ್ದುತ್ತೇನೆ ಎಂದಳು. ಹನುಮಂತಮ್ಮ ಒಂದೊಂದಾಗಿ ಸರಿಸುತ್ತಾ ಹೋದವರು ಒಂದರ ಮೇಲೆ ಕೈಯಿಟ್ಟು ನಿಂತುಬಿಟ್ಟರು. ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಆಮೇಲೆ ಅದೇ ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು, ಹೊಸದಾಗಿ ಮನೆಗೆ ಬಂದ ಸೊಸೆಯ ಹಾಗೆ.

"ಇವ್ರೇ ಕಣವ್ವ," ಎಂದರು.

ಶಿವಮೂರ್ತಿ ಬಗ್ಗಿ ನೋಡಿದ. ಹಳೆಯ ಕಂದು ಬಣ್ಣದ ಪಟ. ಅಲ್ಲಲ್ಲಿ ಗೀರು, ಮೂಲೆಯಲ್ಲಿ ಮಡಿಕೆ. ತಲೆಗೆ ರುಮಾಲು, ಗುಬ್ಬಿಯ ಚಿಕ್ಕಪ್ಪನ ಮೀಸೆ, ಹುಬ್ಬು ಗಂಟಿಕ್ಕಿದ ಒಂದು ಮುಖ. ಆ ಮುಖವನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡ. ನೋಡಿದ್ದು ಅಂದು ಬೆಳಿಗ್ಗೆಯೇ, ಹಲ್ಲುಜ್ಜುವಾಗ ಕನ್ನಡಿಯಲ್ಲಿ. ಅವನು ಬಾಯಿ ತೆರೆದ. ತ್ರಿವೇಣಿ ಅವನ ಕಾಲಿನ ಹೆಬ್ಬೆರಳನ್ನು ಬಲವಾಗಿ ತುಳಿದಳು.

ಒಳಗೆ ಹೋಗಿ ವಿಚಾರಣೆಯಾಯಿತು. ಹೊಸ ಫೋಟೋವನ್ನು ಹಳೆಯದು ಮಾಡುವುದು ಹೇಗೆ ಎಂಬ ಪಾಠವಿತ್ತಂತೆ, ಅದರ ಅಭ್ಯಾಸಕ್ಕೆ ಮುದ್ದೆಯ ಮುಂದಿನ ಅವನ ಫೋಟೋ ತಗೊಂಡು, ಆ ಮೀಸೆಯನ್ನೂ ಅಂಟಿಸಿ ನೋಡಿದ್ದಳಂತೆ.

"ನನ್ನದೇ ಯಾಕೆ ಬೇಕಿತ್ತು?" ಎಂದ.

"ಕೆಟ್ರೂ ಪರ್ವಾಗಿಲ್ಲ ಅನ್ನೋ ಫೋಟೋ ಇದ್ದಿದ್ದು ಅದೊಂದೇ ಕಣ್ರೀ," ಎಂದಳು ತ್ರಿವೇಣಿ. ಅವಳ ಕಣ್ಣಲ್ಲಿ ನೀರಿತ್ತು, ನಗುವೂ ಇತ್ತು. "ನಾನ್ ಬೇಕೂಂತ ಮಾಡಿದ್ದಲ್ಲ. ಬೇಕಾದ್ರೆ ಹೋಗಿ ನಿಜ ಹೇಳಿ. ನೀವೇ ಹೇಳಿ, ನನ್ ಕೈಲಾಗಲ್ಲ."

ಶಿವಮೂರ್ತಿ ನಿಜ ಹೇಳಲೆಂದು ಎದೆಯುಬ್ಬಿಸಿ ಹೊರಗೆ ಬಂದ. ಹನುಮಂತಮ್ಮ ಪಟವನ್ನು ಗೋಡೆಗೆ ಆನಿಸಿ ಹಿಡಿದು, ಇಲ್ಲಿ ಮೊಳೆ ಹೊಡೆದರೆ ಬೆಳಕು ಬೀಳುತ್ತದಾ ಎಂದು ಕೇಳಿದರು. ಅವನು ಒಳಗೆ ಹೋಗಿ ಸುತ್ತಿಗೆ ತಂದ.

ಪಟಕ್ಕೆ ಕಟ್ಟು ಬಂತು, ಗಾಜು ಬಂತು, ಗಂಧದ ಹಾರ ಬಂತು. ತನ್ನ ಹಣೆಗೆ ಗಾಜಿನ ಮೇಲೆ ದಿನವೂ ಕುಂಕುಮ ಬೀಳುವುದನ್ನು ಶಿವಮೂರ್ತಿ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವನಂತೆ ನೋಡುತ್ತಿದ್ದ. ಬೆಳಿಗ್ಗೆ ಎದ್ದರೆ ಕನ್ನಡಿಯಲ್ಲಿ ಒಬ್ಬ, ಗೋಡೆಯಲ್ಲಿ ಒಬ್ಬ. ಗೋಡೆಯವನಿಗೇ ಮರ್ಯಾದೆ ಜಾಸ್ತಿ. ತ್ರಿವೇಣಿಯ ಸಿಡಿಗೆ ಕ್ಲಾಸಿಗೇ ಮೊದಲನೆಯ ಸ್ಥಾನ ಬಂತು. ಮಾವನವರ ಹಳೆಯ ಭಾವಚಿತ್ರವನ್ನು ಬಹಳ ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದೀರಿ ಎಂದು ನಂದಿತಾ ಮೇಡಂ ಮೆಚ್ಚಿದರಂತೆ.

ಹನುಮಂತಮ್ಮ ಅಷ್ಟಕ್ಕೇ ಬಿಡಲಿಲ್ಲ. ಒಡಹುಟ್ಟಿದವರಿಗೂ ಒಂದೊಂದು ಪಟ ಹೋಗಬೇಕೆಂದರು. ಗುಬ್ಬಿಗೆ ಶಿವಮೂರ್ತಿಯೇ ಒಯ್ದ. ರಾಮಾಂಜಿನಯ್ಯ ಪಟ ನೋಡಿ ಬಿಕ್ಕಿ ಬಿಕ್ಕಿ ಅತ್ತ. ಅಣ್ಣ ಥೇಟ್ ಹೀಗೇ ಇದ್ದ, ಆ ಮೀಸೆ ನೋಡಿ ಎಂದ. ಆಮೇಲೆ ಕಣ್ಣೊರೆಸಿಕೊಂಡು ಶಿವಮೂರ್ತಿಯನ್ನು ಮೇಲಿಂದ ಕೆಳಗೆ ನೋಡಿ ನಿಟ್ಟುಸಿರುಬಿಟ್ಟ.

"ನೀನ್ ಮಾತ್ರ ಒಂಚೂರೂ ಅವ್ನಂಗಿಲ್ಲ ಕಣ್ಲಾ. ನಿಮ್ಮಮ್ಮನ್ ಕಡೇಗೆ ಹೋಗ್ಬುಟ್ಟಿದ್ದೀಯ."

ಸ್ವಂತ ಮುಖವನ್ನು ಹೋಲದ ಅಪಖ್ಯಾತಿ ಹೊತ್ತು ಶಿವಮೂರ್ತಿ ಮನೆಗೆ ಬಂದ.

ಕುಣಿಗಲ್ಲಿನ ಪಟವನ್ನು ಅತ್ತೆಯ ಮಗ ಬಂದು ಒಯ್ದಿದ್ದ. ಹಬ್ಬದ ಹಿಂದಿನ ವಾರ ಕಚೇರಿಯ ಕೆಲಸದ ಮೇಲೆ ಕುಣಿಗಲ್ಲಿಗೆ ಹೋದ ಶಿವಮೂರ್ತಿ, ಅತ್ತೆಯನ್ನೊಮ್ಮೆ ಮಾತಾಡಿಸಿ ಹೋಗೋಣವೆಂದು ಆ ಕಡೆ ನಡೆದ. ಬಿಸಿಲು ಜೋರಾಗಿತ್ತು. ತಲೆಗೆ ಟವಲು ಸುತ್ತಿಕೊಂಡು, ಹುಬ್ಬು ಗಂಟಿಕ್ಕಿಕೊಂಡು ಬಾಗಿಲು ತಟ್ಟಿದ. ಬಾಗಿಲು ತೆಗೆದವಳು ಅತ್ತೆಯ ಹೊಸ ಸೊಸೆ, ಹುತ್ರಿದುರ್ಗದ ಕಡೆಯ ಹುಡುಗಿ. ಮದುವೆಯ ಗದ್ದಲದಲ್ಲಿ ಅವನನ್ನು ಸರಿಯಾಗಿ ನೋಡಿರಲಿಲ್ಲ, ಅವರು ಕ್ಯಾಮೆರಾ ತಂದಿದ್ದ ದಿನ ತವರಿಗೆ ಹೋಗಿದ್ದಳು. ಪಟಕ್ಕೆ ದಿನಾ ದೀಪ ಹಚ್ಚುತ್ತಿದ್ದವಳೂ ಅವಳೇ. ಅವನನ್ನು ನೋಡಿದವಳು ಸೆರಗು ತಲೆಗೆಳೆದುಕೊಂಡಳು. ಬೆನ್ನು ತೋರಿಸದೆ ಹಿಂದೆ ಹಿಂದೆಯೇ ಹೆಜ್ಜೆ ಇಡುತ್ತಾ ಒಳಗೆ ಹೋದಳು. ಅವಳು ಪಿಸುಗುಟ್ಟಿದ್ದು ಹೊಸ್ತಿಲಾಚೆ ನಿಂತಿದ್ದ ಶಿವಮೂರ್ತಿಗೆ ಸ್ಪಷ್ಟವಾಗಿ ಕೇಳಿತು.

"ಅತ್ತೆ, ಪಟದಲ್ಲಿರೋರು ಬಂದವ್ರೆ. ಹಬ್ಬ ಇನ್ನೂ ಮುಂದಿನ್ ವಾರ ಅಲ್ವಾ?"

ಅತ್ತೆ ಹೊರಗೆ ಬಂದು ಅವನನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಶಿವಮೂರ್ತಿಗೆ ನಗು ಬರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾಡಿ ಹಿಡಿದು ನೋಡಿಕೊಂಡ. ಬದುಕಿರುವವನ ಪಟಕ್ಕೆ ಹಾರ ಹಾಕಬಾರದು ಎನ್ನುತ್ತಾರೆ. ಈಗ ಎಡೆಯನ್ನೂ ಇಟ್ಟರೆ ಗತಿಯೇನು? ಅದಕ್ಕಿಂತ ಹೆಚ್ಚಾಗಿ, ಅವ್ವ ನಲವತ್ತು ವರ್ಷ ಕಾದಿದ್ದು ಗಂಡನ ಮುಖ ನೋಡಿ ಬಡಿಸಬೇಕೆಂದು. ಅಂಥ ಜೀವಕ್ಕೆ ಟವಲು ಸುತ್ತಿದ ತನ್ನ ಮುಖ ತೋರಿಸಿ ಮೋಸ ಮಾಡುವುದೇ? ಆ ಯೋಚನೆ ಅವನನ್ನು ಹಬ್ಬದವರೆಗೂ ಬಿಡಲಿಲ್ಲ. ಹೇಳಿದರೆ ಅವ್ವನ ಎದೆ ಒಡೆಯುತ್ತದೆ, ಹೇಳದಿದ್ದರೆ ತನ್ನದು ಒಡೆಯುತ್ತದೆ. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು.

ಹಬ್ಬದ ದಿನ ಹನುಮಂತಮ್ಮ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ. ಕುರಿ ಮಾಂಸದ ಸಾರು ಕುದಿಯಿತು, ವಡೆ ಬೆಂದವು, ಕಜ್ಜಾಯದ ಪರಿಮಳ ಸದಾಶಿವಯ್ಯನವರ ಜಗಲಿಯ ತನಕ ಹೋಯಿತು. ಮುದ್ದೆಯ ಹೊತ್ತಿಗೆ ತ್ರಿವೇಣಿ ಕೋಲು ಹಿಡಿಯಲು ಹೋದರೆ ಅವರು ತಡೆದರು. ಶಿವನೇ ತಿರುವಲಿ ಎಂದರು. ಶಿವಮೂರ್ತಿ ತಲೆಗೆ ಟವಲು ಸುತ್ತಿಕೊಂಡು ಮೈಯೆಲ್ಲ ಕಣ್ಣಾಗಿ ತಿರುವಿದ. ಹನುಮಂತಮ್ಮ ಬಿಸಿ ಮುದ್ದೆಯನ್ನು ಎರಡು ಬೆರಳಿನಲ್ಲಿ ಒತ್ತಿ ನೋಡಿದರು. ಒಂದೇ ಒಂದು ಗಂಟಿರಲಿಲ್ಲ. ಅವರು ಮಗನ ಬೆನ್ನನ್ನೊಮ್ಮೆ ಸವರಿದರು.

ಪಟದ ಕೆಳಗೆ ಎಲೆ ಹಾಕಿ, ಹೊಸ ಪಂಚೆ ಶರಟು ಇಟ್ಟು, ಎಡೆ ಬಡಿಸಿದರು. ಮುದ್ದೆ, ಸಾರು, ವಡೆ, ಒಂದು ಕಟ್ಟು ಬೀಡಿ, ಗೋಪುರದಂತೆ ಪೇರಿಸಿದ ಕಜ್ಜಾಯ. ಎಲೆಯಲ್ಲಿ ಎಳ್ಳಷ್ಟೂ ಖಾಲಿ ಜಾಗವಿರಲಿಲ್ಲ. (ತನಗೆ ಎರಡು ವರ್ಷದಿಂದ ನಿಷಿದ್ಧವಾದದ್ದೆಲ್ಲ ತನ್ನದೇ ಮುಖದ ಮುಂದೆ ರಾಶಿ ಬಿದ್ದಿರುವುದನ್ನು ನೋಡಿ ಶಿವಮೂರ್ತಿಗೆ ಗೋಡೆಯವನ ಮೇಲೆ ಮೊದಲ ಬಾರಿಗೆ ಹೊಟ್ಟೆಕಿಚ್ಚಾಯಿತು.) ಕೆಂಡಕ್ಕೆ ಧೂಪ ಹಾಕಿ, ಸರದಿ ಬಂದಾಗ ತನಗೆ ತಾನೇ ಉದ್ದಂಡ ಅಡ್ಡಬಿದ್ದು ಎದ್ದ.

ಇನ್ನು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವ ತನಕ ಯಾರೂ ಒಳಗಿರಬಾರದು. ತ್ರಿವೇಣಿ ಹೊರಟಳು. ಹನುಮಂತಮ್ಮ ಎಲೆಯ ಮುಂದೆ ಕೂತೇ ಇದ್ದರು. ಶಿವಮೂರ್ತಿ ಅವರ ಪಕ್ಕ ಕೂತ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ಅವ್ವಾ, ಒಂದ್ ಮಾತು. ಆ ಪಟ..."

"ನೀನೇ ಅಂತ ಗೊತ್ತು ಕಣ್ಲಾ," ಎಂದರು ಹನುಮಂತಮ್ಮ, ಪಟದಿಂದ ಕಣ್ಣು ತೆಗೆಯದೆ. "ಹೆತ್ತೋಳ್ಗೆ ಗುರ್ತು ಸಿಕ್ಕಾಕಿಲ್ವಾ? ಆ ತಲೆ ಮೇಲಿರೋ ಟವಲ್ನ ನಾನೇ ಮಡ್ಚಿಟ್ಟಿದ್ದು."

ಮತ್ತೆ ಇವ್ರೇ ಅಂದೆಯಲ್ಲ ಎಂದು ಶಿವಮೂರ್ತಿ ಕೇಳಿದ.

"ಅವ್ರ್ ಮುಖ ನಂಗೆ ಮರ್ತೋಗದೆ ಮಗ," ಎಂದರು ತಾಯಿ. "ಎಷ್ಟೋ ವರ್ಷ ಆಯ್ತು. ಯಾರ್ಗೂ ಹೇಳಿಲ್ಲ, ಗಂಡನ್ ಮ್ಯಾಗೆ ಪ್ರೀತಿ ಇಷ್ಟೇಯ ಇದ್ದಿದ್ದು ಅಂತ ಆಡ್ಕೊಂಡಾರು ಅಂತ. ಆ ಪಟಗಳ್ನ ನೋಡಿದ್ರೆ ಇವ್ರಲ್ಲ ಅಂತ ಗೊತ್ತಾಯ್ತಿತ್ತು, ಅವ್ರು ಹೆಂಗಿದ್ರು ಅಂತ ಗೊತ್ತಾಯ್ತಿರ್ಲಿಲ್ಲ. ಗಂಟಾಕ್ಕೊಂಡು ಎದ್ದೋದ್ರಲ್ಲ, ಆ ಹುಬ್ಬು ಒಂದ್ ನೆಪ್ಪದೆ. ಅದು ನಿನ್ ಮುಖದಲ್ಲದೆ. ದಿನಾ ಒಲೆ ಮುಂದೆ ನೋಡ್ತಿದ್ನಲ್ಲ. ಇನ್ನೆಲ್ಲಿ ಹುಡ್ಕಾನ?"

ಶಿವಮೂರ್ತಿ ಕಣ್ಣೊರೆಸಿಕೊಂಡ. ಬದುಕಿರುವವನ ಪಟಕ್ಕೆ ಹಾರ ಹಾಕಬಾರದಂತಲ್ಲವ್ವ ಎಂದು ಮಗುವಿನಂತೆ ಕೇಳಿದ.

"ಪಟ ತೆಗೆಸ್ಕೊಂಡ್ರೆ ಆಯುಸ್ಸು ಕಮ್ಮಿ ಅಂತ ಓಡೋದ್ರು ಅವ್ರು. ತೆಗೆಸ್ಕಳ್ದೇನೂ ಹೋದ್ರು," ಎಂದರು ಹನುಮಂತಮ್ಮ. "ನಿನ್ನಷ್ಟು ವಯಸ್ಸಾಗ್ಲೇ ಇಲ್ಲ ಅವ್ರಿಗೆ. ಆಗಿದ್ರೆ ಹಿಂಗೇ ಇರ್ತಿದ್ರೇನೋ ಅಂತ ನೋಡ್ತಾ ಇದೀನಿ. ನಿಂಗೇನೂ ಆಗಾಕಿಲ್ಲ ಬುಡು. ಗೋಡೆ ಮ್ಯಾಲೂ ಇರು, ಮನೇಲೂ ಇರು. ಈಗ ಆಚೆ ನಡಿ. ನೀನ್ ಇಲ್ಲೇ ಕುಂತ್ರೆ ಅವ್ರು ಬರಾಕೆ ನಾಚ್ಕತಾರೆ."

ಬಾಗಿಲು ಹಾಕಿ ಮೂವರೂ ಹೊರಗಿನ ಮೆಟ್ಟಿಲ ಮೇಲೆ ಕೂತರು. ನಡುವೆ ಹನುಮಂತಮ್ಮ. ತ್ರಿವೇಣಿ ಗಂಡನ ಕೆಂಪಾದ ಕಣ್ಣು ನೋಡಿ ಏನೆಂದು ಸನ್ನೆ ಮಾಡಿದಳು. ಅವ್ವನಿಗೆ ಮೊದಲೇ ಗೊತ್ತಿತ್ತಂತೆ ಎಂದು ಅವನು ತುಟಿಯಲ್ಲೇ ಹೇಳಿದ. ತ್ರಿವೇಣಿ ಅತ್ತೆಯ ಕೈಯನ್ನು ತಗೊಂಡು ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಒಳಗೆ ಯಾವ ಸದ್ದೂ ಇರಲಿಲ್ಲ. ಹನುಮಂತಮ್ಮ ಮಾತ್ರ ಕಿವಿಗೊಟ್ಟು ಕೂತಿದ್ದರು. ಬಾಗಿಲು ತೆಗೆಯೋಣವೇ ಅತ್ತೆ ಎಂದು ತ್ರಿವೇಣಿ ಕೇಳಿದರೆ, ಇರಲಿ, ಅವರು ನಿಧಾನಕ್ಕೆ ಉಣ್ಣುತ್ತಾರೆ ಎಂದರು.

ಆಮೇಲೆ ಮನೆಯವರ ಊಟ. ತ್ರಿವೇಣಿ ಗಂಡನ ಎಲೆಗೆ ಯಥಾಪ್ರಕಾರ ಮಧ್ಯದಲ್ಲಿ ಒಂದಿಷ್ಟು ಬಡಿಸಿ, ಸುತ್ತ ಡಿಸೈನು ಬಿಟ್ಟು, ಕಜ್ಜಾಯದ ತಟ್ಟೆಯನ್ನು ಅವನನ್ನು ದಾಟಿಸಿ ಮುಂದಕ್ಕೆ ಒಯ್ದಳು. ಹನುಮಂತಮ್ಮ ಎದ್ದು ಹೋಗಿ ಪಟದ ಮುಂದಿದ್ದ ಎಡೆಯನ್ನು ಎಲೆ ಸಮೇತ ಎತ್ತಿಕೊಂಡು ಬಂದರು. ಅದನ್ನು ತಂದು ಮಗನ ಮುಂದೆ ಇಟ್ಟು, ಎದುರಿಗೆ ಕೂತರು. ಮುದ್ದೆ ಮುರಿದು ತುತ್ತನ್ನು ಸಾರಿನಲ್ಲಿ ಅದ್ದಿ ಅವನ ಕೈಗೆ ಕೊಟ್ಟರು.

"ಉಂಡ್ಕೊಂಡ್ ಹೋಗು," ಎಂದರು.

ಅವನು ಎಲ್ಲಿಗೂ ಹೋಗುವುದಿರಲಿಲ್ಲ. ಆದರೂ ಉಂಡ. ತಾಯಿ ಅವನ ಮುಖವನ್ನೇ ನೋಡುತ್ತಾ ಒಂದೊಂದೇ ಕಜ್ಜಾಯವನ್ನು ಮುಂದಕ್ಕೆ ಸರಿಸುತ್ತಿದ್ದರು. ಅವನು ಗೋಪುರವನ್ನು ಬುಡದ ತನಕ ಇಳಿಸಿದ. ತ್ರಿವೇಣಿ ತಡೆಯಲೆಂದು ಕೈ ಮುಂದಕ್ಕೆ ಚಾಚಿದವಳು, ಅತ್ತೆಯ ಮುಖ ನೋಡಿ ಆ ಕೈಯಿಂದ ನೀರಿನ ಲೋಟ ತುಂಬಿಸಿಟ್ಟಳು.

ಮುಂದಿನ ವಾರ ರಕ್ತದ ರಿಪೋರ್ಟು ಬಂತು. ಡಾಕ್ಟರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಇಷ್ಟೊಂದು ಏರಬೇಕಾದರೆ ಏನು ತಿಂದಿರಿ, ಎಲ್ಲಿ ತಿಂದಿರಿ, ಮುಚ್ಚಿಡದೆ ಹೇಳಿ ಎಂದು ಕೇಳಿದರು. ಪಕ್ಕದಲ್ಲಿ ಕೂತಿದ್ದ ತ್ರಿವೇಣಿ ಕಿಟಕಿಯ ಕಡೆ ತಿರುಗಿಕೊಂಡು ಬಾಯಿಗೆ ಸೆರಗು ಒತ್ತಿ ಹಿಡಿದಳು. ಶಿವಮೂರ್ತಿ ತಲೆ ತಗ್ಗಿಸಿಕೊಂಡು ಕೂತೇ ಇದ್ದ. ನನಗೆ ಇಟ್ಟ ಎಡೆಯನ್ನು ನಾನೇ ಉಂಡೆ ಡಾಕ್ಟ್ರೇ ಎಂದು ಯಾವ ಬಾಯಲ್ಲಿ ಹೇಳುತ್ತಾನೆ?